ಒಂದೇ ಚುಕ್ಕೆ

ಭಾವ ಹಜಾರ ದಾಟಿ ಹೋಗುವವರೆಗೆ ಅವಳು ಬಚ್ಚಲುಮನೆಯ ಬಾಗಿಲು ತೆಗೆಯಲಿಲ್ಲ. ಮುಖ ತೊಳೆದು ಎಷ್ಟೋ ಹೊತ್ತಾಗಿತ್ತು; ಟವಲನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸುತ್ತ ನಿಂತಿದ್ದಳು. ಹೊರಗೆ ಒಂದು ಪೂರಾ ಹೆಜ್ಜೆ, ಆಮೇಲೆ ಊರುಗೋಲಿನ ತುದಿಯ ರಬ್ಬರು ನೆಲ ಕಚ್ಚುವ ಸದ್ದು, ಆಮೇಲೆ ಎಳೆದುಕೊಂಡು ಬರುವ ಇನ್ನೊಂದು ಕಾಲು. ಅಕ್ಕ ಭಾವ ಇಬ್ಬರೂ ಪೆಟ್ಟಿಗೆ ಹಾಸಿಗೆ ಸಮೇತ ಈ ಮನೆಗೆ ಬಂದು ಇಳಿದಾಗಿನಿಂದ ಅವಳಿಗೆ ಇದೇ ಅಭ್ಯಾಸವಾಗಿಬಿಟ್ಟಿತ್ತು, ತನ್ನ ಮನೆಯಲ್ಲೇ ಕಳ್ಳಿಯ ಹಾಗೆ ಸದ್ದು ಲೆಕ್ಕ ಹಾಕಿ ಓಡಾಡುವುದು. ಎದುರಾದರೆ ಭಾವ ಗೋಡೆಗೆ ಒರಗಿ ನಿಂತು "ನೀನು ಹೋಗಮ್ಮ, ಆಫೀಸಿಗೆ ಹೊತ್ತಾಯ್ತು" ಎಂದು ದಾರಿ ಬಿಡುತ್ತಿದ್ದರು. ಆ ಮಾತಿನಲ್ಲಿ ಕೊಂಕು ಇದೆಯೋ ಎಂದು ಅವಳು ತಿರುಗಿಸಿ ತಿರುಗಿಸಿ ನೋಡಿದ್ದಳು. ಸಿಕ್ಕಿರಲಿಲ್ಲ. ಸಿಕ್ಕಿದ್ದರೆ ಜಗಳವಾಡಿ ಹಗುರಾಗಬಹುದಿತ್ತು.

"ಬಚ್ಚಲಲ್ಲಿ ಏನು ತಪಸ್ಸು ಮಾಡ್ತಿದ್ದೆ?" ಅಡುಗೆಮನೆಯಿಂದ ಅಕ್ಕ ಕೇಳಿದಳು.

"ತಲೆ ಬಾಚ್ತಿದ್ದೆ."

"ಬಾಚಿದ ತಲೆ ಹಿಂಗಿರುತ್ತಾ? ಹೆಸರಿಗೆ ತಕ್ಕ ಗೂಡು." ಅಕ್ಕ ಅವಳನ್ನು ಗುಬ್ಬಿ ಎಂದೇ ಕರೆಯುತ್ತಿದ್ದುದು, ಚಿಕ್ಕಂದಿನಲ್ಲಿ ಸಣ್ಣ ಸದ್ದಿಗೂ ಬೆಚ್ಚುತ್ತಿದ್ದಳೆಂದು ಇಟ್ಟ ಹೆಸರು. "ಸಂಜೆ ಬರ್ತಾ ಹಸಿ ಬಟಾಣಿ ತಗೊಂಡು ಬಾರೇ. ಕೂತು ಬಿಡಿಸೋಣ. ನಂಗೂ ಕೈಗೆ ಕೆಲಸ ಇಲ್ಲ." ಹಾಗೆಂದವಳು ಮರುಕ್ಷಣವೇ, "ನಿಂಗೆ ತೊಂದರೆ ಆಗುತ್ತೆ ಅಂದ್ರೆ ಬೇಡ" ಎಂದು ಸೇರಿಸಿದಳು.

ಇದೇ. ಬಾಯಿ ತುಂಬ ಹಾಸ್ಯ ಮಾಡುವ ಅಕ್ಕ, ತಮಾಷೆ ಮುಗಿಯುತ್ತಲೇ ನೆಂಟರವಳಾಗಿಬಿಡುತ್ತಿದ್ದಳು. ಒಲೆ ಹಚ್ಚಲಾ ಎಂದು ಕೇಳುತ್ತಿದ್ದಳು. ತಮ್ಮಿಬ್ಬರ ತಟ್ಟೆ ಲೋಟಗಳನ್ನು ಬೇರೆಯಾಗಿ ತೊಳೆದು ಕಿಟಕಿಯ ಬಳಿ ಬೋರಲು ಹಾಕುತ್ತಿದ್ದಳು, ನಾಳೆ ಎದ್ದು ಹೋಗುವವರಿಗೆ ಸುಲಭವಾಗಲಿ ಎಂಬ ಹಾಗೆ. ಭಾವನ ಕಾಲು ಮುರಿದ ಮೇಲೆ ಶುರುವಾದದ್ದು ಇದು ಎಂದು ಇವಳಿಗೆ ಗೊತ್ತಿತ್ತು. ಯಾಕೆ ಎಂಬುದು ಗೊತ್ತಿರಲಿಲ್ಲ. ತಪ್ಪು ತನ್ನದಾಗಿರಲಿಲ್ಲವಲ್ಲ ಎಂದು ಬಸ್ಸಿನಲ್ಲಿ ನಿಂತು ಕಂಬಿ ಹಿಡಿದಾಗೆಲ್ಲ ಅಂದುಕೊಳ್ಳುತ್ತಿದ್ದಳು, ಮತ್ತು ಅಂದುಕೊಂಡ ಪ್ರತಿ ಸಲವೂ ಯಾರೋ ಹಿಂದಿನಿಂದ ನೋಡುತ್ತಿದ್ದಾರೆ ಎನಿಸಿ ಕತ್ತು ತಿರುಗಿಸುತ್ತಿದ್ದಳು.

ಅವಳ ಕೆಲಸದ ಕೋಣೆ ಒಂದು ಕಟ್ಟಡದ ಮೇಲಿನ ಅಂತಸ್ತಿನಲ್ಲಿತ್ತು. ಪಕ್ಕದಲ್ಲೇ ಛಾವಣಿಗೆ ಹೋಗುವ ಕಬ್ಬಿಣದ ಏಣಿ. ಛಾವಣಿಯ ಮೇಲೆ ಆಕಾಶಕ್ಕೆ ಕಿವಿ ಕೊಟ್ಟು ನಿಂತ ಆಂಟೆನಾಗಳು. ಹೊಸದಾಗಿ ಬಂದವರಿಗೆ ಕೆಲಸ ವಿವರಿಸುವಾಗ ಅವಳು ಒಂದೇ ಉಸಿರಿನಲ್ಲಿ ಹೇಳುತ್ತಿದ್ದಳು. ಫೋನು ಮುಟ್ಟದ ಜಾಗಗಳಲ್ಲಿ ಒಂದೊಂದು ಡಬ್ಬಿ ಇಡುತ್ತೇವೆ. ಅಣೆಕಟ್ಟಿನ ನೀರು ಎಷ್ಟಿದೆ, ಸಮುದ್ರದ ತೇಲುಬುರುಡೆ ಎಲ್ಲಿದೆ, ಬೆಟ್ಟದ ಮೇಲೆ ಗಾಳಿ ಹೇಗಿದೆ ಎಂದು ಡಬ್ಬಿ ಒಂದು ಪುಟ್ಟ ಮಾತು ಬರೆದಿಟ್ಟುಕೊಂಡು ಕಾಯುತ್ತದೆ. ಚಪ್ಪಲಿಯ ಪೆಟ್ಟಿಗೆಯಷ್ಟೇ ದೊಡ್ಡದಾದ ಉಪಗ್ರಹಗಳು ಸಾಲಾಗಿ ಸುತ್ತುತ್ತಿರುತ್ತವೆ. ಯಾವುದೋ ಒಂದು ತಲೆಯ ಮೇಲೆ ಹಾಯುವ ಹೊತ್ತಿಗೆ ಡಬ್ಬಿ ತನ್ನ ಮಾತನ್ನು ಮೇಲಕ್ಕೆ ಎಸೆಯುತ್ತದೆ, ಉಪಗ್ರಹ ನಮ್ಮ ಛಾವಣಿಯ ಮೇಲೆ ಬಂದಾಗ ಅದನ್ನು ಕೆಳಕ್ಕೆ ಹಾಕುತ್ತದೆ. ಅಷ್ಟೇ. ಕೇಳಿಸಿತು ಎಂಬ ಮರುಮಾತು ಇಲ್ಲ. ಅದಕ್ಕೆ ಬೇಕಾಗುವಷ್ಟು ಬ್ಯಾಟರಿ ಆ ಡಬ್ಬಿಯಲ್ಲಿ ಇಲ್ಲ. ಹೇಳಿದ್ದು ತಲುಪಿತೋ ಇಲ್ಲವೋ ಎಂಬ ಚಿಂತೆ ಹೇಳಿದವರಿಗೇ ಬಿಟ್ಟದ್ದು.

ಆ ದಿನ ಮೇಜಿನ ಮೇಲೆ ರಿಪೇರಿಗೆ ಬಂದ ಡಬ್ಬಿಗಳ ನಡುವೆ ಒಂದನ್ನು ಕಂಡು ಅವಳ ಕೈ ನಿಂತಿತು. ಮುಚ್ಚಳದ ಮೇಲೆ ಹೊರಗಿನ ಯಾರಿಗೂ ಅರ್ಥವಾಗದ ಸಂಖ್ಯೆ. ಅವಳಿಗೆ ಮಾತ್ರ ಅದು ಎತ್ತರದ ಕಣಿವೆಯ ಜಲಾಶಯ, ಅದರ ಪಕ್ಕದ ತಗಡಿನ ಮನೆ, ಅಕ್ಕ. ನೀರಿನ ಮಟ್ಟ ನೋಡುವುದು ಭಾವನ ನೌಕರಿಯಾಗಿತ್ತು. ದಿನಸಿ ತರುವ ಜೀಪು ಎಂದಾದರೊಮ್ಮೆ ಹತ್ತಿ ಬಂದರೆ ಅದೇ ಹಬ್ಬ. ಅಲ್ಲಿಗೆ ಡಬ್ಬಿ ಹಾಕಿಸಿದ್ದು ಇವಳ ಕಂಪನಿ; ಹಾಕುವ ತಂಡದೊಡನೆ ಅಕ್ಕನನ್ನು ನೋಡುವ ನೆವದಲ್ಲಿ ಇವಳೂ ಹೋಗಿದ್ದಳು. ಡಬ್ಬಿ ಮಾತಾಡತೊಡಗಿದ ಮೇಲೆ ಇನ್ನು ಯಾಕೆ ಎಂದು ಇಲಾಖೆಯವರು ಹಳೆಯ ವೈರ್‌ಲೆಸ್ ಸೆಟ್ಟನ್ನು ಅದೇ ಜೀಪಿನಲ್ಲಿ ಹಾಕಿಕೊಂಡು ಇಳಿದರು. ಅಕ್ಕ ಅದು ಹೋಗುವುದನ್ನೇ ನೋಡುತ್ತಿದ್ದಳು. "ಅಯ್ಯೋ, ಅದಕ್ಕಿಂತ ಇದೇ ವಾಸಿ ಕಣೇ" ಎಂದು ಇವಳು ಸಮಾಧಾನ ಮಾಡಿದ್ದಳು. ಡಬ್ಬಿಯ ಪಕ್ಕದಲ್ಲೊಂದು ರಬ್ಬರಿನ ಗುಂಡಿ ಇತ್ತು. ರಿಪೇರಿಗೆ ಬಂದವನು ನಾನು ಬಂದಿದ್ದೇನೆ ಎಂದು ತಿಳಿಸಲು ಒತ್ತುವುದು. "ದಿನಾ ಒಂದು ಸಲ ಇದನ್ನ ಒತ್ತು. ನನ್ನ ಮೇಜಿನ ಮೇಲೆ ಹಸಿರು ಚುಕ್ಕೆ ಬರುತ್ತೆ. ನಮ್ಮ ಗೋಡೆ ಇತ್ತಲ್ಲ, ಹಾಗೇ ಅಂದ್ಕೋ" ಎಂದು ಅಕ್ಕನಿಗೆ ಹೇಳಿಕೊಟ್ಟಿದ್ದಳು.

ನಮ್ಮ ಗೋಡೆ. ಬಾಡಿಗೆ ಮನೆಯ ಎರಡು ಕೋಣೆಗಳ ನಡುವೆ ಹಲಗೆಯ ಗೋಡೆಯೊಂದಿತ್ತು. ಒಂದು ಕಡೆ ಅಕ್ಕ, ಇನ್ನೊಂದು ಕಡೆ ತಾನು. ದೀಪ ಆರಿಸಿದ ಮೇಲೆ ಒಂದು ತಟ್ಟು ತಟ್ಟಿದರೆ ಎಲ್ಲ ಸರಿ, ಮಲಗು ಎಂದು. ಮೂರು ತಟ್ಟಿದರೆ ಬಾ ಎಂದು. ಮೂರು ತಟ್ಟುತ್ತಿದ್ದವಳು ಯಾವಾಗಲೂ ತಾನೇ. ಬೆಕ್ಕು ಹಾರಿದರೆ, ಅಪ್ಪನ ಗಂಟಲು ಜೋರಾದರೆ, ಏನೂ ಆಗದಿದ್ದರೆ ಕೂಡ. ಹಲಗೆಯ ಮೇಲೆ ಬೆರಳು ಇನ್ನೂ ಇರುವಾಗಲೇ ಆ ಕಡೆ ಹಾಸಿಗೆ ಸರಿಯುವ ಸದ್ದು, ಬರಿಗಾಲು, ಆಮೇಲೆ ಹೊದಿಕೆಯೊಳಗೆ ತಣ್ಣನೆಯ ಪಾದಗಳು: "ಸರ್ಕೊಳ್ಳೇ, ಪೂರ್ತಿ ಹಾಸಿಗೆ ನಿನ್ನದೇನಾ." ಒಮ್ಮೆಯೂ ಅಕ್ಕ ಬರದೇ ಇದ್ದದ್ದಿಲ್ಲ. ಒಮ್ಮೆಯೂ ಅಕ್ಕ ಮೂರು ತಟ್ಟಿದವಳಲ್ಲ.

ಡಬ್ಬಿಯನ್ನು ಕೈಗೆತ್ತಿಕೊಂಡಳು. ಬ್ಯಾಟರಿ ಹೇಳಿದ ಗಡುವಿಗಿಂತ ಬಹಳ ಮೊದಲೇ ಸತ್ತಿತ್ತು, ಕಾರಣ ಹುಡುಕಬೇಕಿತ್ತು. ನೀರು ಒಳಗೆ ಹೋಗಿರಲಿಲ್ಲ. ತಿರುಪುಗಳು ಭದ್ರವಾಗಿದ್ದವು. ಪಕ್ಕಕ್ಕೆ ಹೊರಳಿಸಿದಾಗ ಬೆರಳಿಗೆ ಏನೋ ತರಿತರಿಯಾಗಿ ತಗುಲಿತು. ಕಿಟಕಿಯ ಬೆಳಕಿಗೆ ಹಿಡಿದಳು. ರಬ್ಬರಿನ ಗುಂಡಿಯ ಮೇಲೆ ತುಂಬ ಸಣ್ಣ ಸಣ್ಣ ಚಂದ್ರರು, ಒಂದರ ಮೇಲೊಂದು, ಜಾಗ ಸಾಲದ ಹಾಗೆ. ಉಗುರಿನ ಗುರುತುಗಳು. ದಿನಕ್ಕೊಂದು ಸಲ ಹಗುರವಾಗಿ ಒತ್ತಿದ ಬೆರಳು ಹೀಗೆ ಮಾಡುವುದಿಲ್ಲ.

ಛಾವಣಿಯವನು ಒಳಗೆ ಬಂದ. ದಿನದ ಹೆಚ್ಚು ಹೊತ್ತು ಆಂಟೆನಾಗಳ ಜೊತೆ ಕಳೆಯುತ್ತಿದ್ದುದರಿಂದ ಅವನಿಗೆ ಆ ಹೆಸರು. ಅವಳ ಕೈಲಿದ್ದುದನ್ನು ನೋಡಿ, "ಇದಾ? ಯಾರೋ ಸಿಟ್ಟಿನವರು ಲಿಫ್ಟಿನ ಗುಂಡಿ ಚಚ್ಚಿದ ಹಾಗೆ ಚಚ್ಚಿದಾರೆ. ಪ್ರತಿ ಒತ್ತಿಗೂ ಇದು ಎದ್ದು ಕೂತು ಉಪಗ್ರಹ ಹುಡುಕುತ್ತೆ, ಬ್ಯಾಟರಿ ಬರಿದಾಗದೆ ಇನ್ನೇನು. ಬಳಸಿದವರ ತಪ್ಪು ಅಂತ ಬರೆದು ಆಚೆ ಕಳಿಸಿ ಮೇಡಂ" ಎಂದ.

"ಬಳಸಿದವರಿಗೆ ತಲುಪಿದ್ದು ಗೊತ್ತಾಗಲ್ವಲ್ಲ" ಎಂದಳು.

"ಅದಕ್ಕೇ ಅಲ್ವಾ ನೀವು ಆ ಜರಡಿ ಮಾಡಿದ್ದು! ಆವತ್ತು ಸಾಹೇಬ್ರು ಎಷ್ಟು ಹೊಗಳಿದ್ರು, ಮರೆತ್ರಾ?"

ಮರೆತಿರಲಿಲ್ಲ. ರಿಪೇರಿಯವರೆಲ್ಲ ಅನುಮಾನದ ಪ್ರಾಣಿಗಳು. ಒಂದು ಸಲ ಒತ್ತಿ ಸುಮ್ಮನಿರುವವರಲ್ಲ. ಹತ್ತು ಸಲ ಒತ್ತಿದರೆ ಇಲ್ಲಿ ಹತ್ತು ಸಲ ಬಂದು ಪರದೆ ತುಂಬಿಹೋಗುತ್ತಿತ್ತು. ಅವಳು ಒಂದು ನಿಯಮ ಬರೆದಳು. ಒಂದು ಉಪಗ್ರಹ ಹಾದುಹೋಗುವಷ್ಟರಲ್ಲಿ ಒಂದೇ ಡಬ್ಬಿಯಿಂದ ಗುಂಡಿಯ ಒತ್ತು ಎಷ್ಟು ಬಂದರೂ ಒಂದೇ ಎಂದು ಎಣಿಸು, ಮಿಕ್ಕದ್ದನ್ನು ಬಿಸಾಡು. ಸಾಹೇಬರು ಎಲ್ಲರನ್ನೂ ನಿಲ್ಲಿಸಿಕೊಂಡು, "ನೋಡಿ, ಗೃಹಿಣಿಯ ಅಚ್ಚುಕಟ್ಟು ಅಂದರೆ ಇದು" ಎಂದಿದ್ದರು. ಮದುವೆಯೇ ಆಗದ ಅವಳು ಆ ಹೊಗಳಿಕೆಯ ಒಳಗಿನ ಮುಳ್ಳನ್ನು ನುಂಗಿಕೊಂಡು ನಕ್ಕಿದ್ದಳು. ನಕ್ಕಿದ್ದು ನೆನಪಿತ್ತು. ಹೊಗಳಿಸಿಕೊಳ್ಳುವಾಗ ಕಣಿವೆಯ ಆ ಡಬ್ಬಿ ನೆನಪಾಗಲಿಲ್ಲ ಎಂಬುದು ಈಗ ನೆನಪಾಗುತ್ತಿತ್ತು.

ಡಬ್ಬಿಯನ್ನು ಪರೀಕ್ಷೆಯ ಹಲಗೆಗೆ ಸಿಕ್ಕಿಸಿದಳು. ಕೆಟ್ಟು ಬಂದ ಪ್ರತಿ ಡಬ್ಬಿಗೂ ಮಾಡುವ ಕ್ರಮ ಅದು: ಕೊನೆಯಲ್ಲಿ ಗುಂಡಿ ಹೇಗೆ ಒತ್ತಲ್ಪಟ್ಟಿತೋ ಅದೇ ಅಂತರದಲ್ಲಿ ಹಲಗೆ ಅದನ್ನು ಮತ್ತೆ ಆಡಿಸಿ ತೋರಿಸುತ್ತದೆ, ಒಂದೊಂದು ಒತ್ತಿಗೂ ಟಕ್ ಎಂದು ಸಣ್ಣ ಸದ್ದು. ಮೊದಲು ಏನೂ ಬರಲಿಲ್ಲ. ಛಾವಣಿಯವನು ಕಪಾಟಿನಲ್ಲಿ ತಂತಿ ಹುಡುಕುತ್ತಿದ್ದ. ಆಮೇಲೆ, ಟಕ್ ಟಕ್ ಟಕ್. ಮೌನ. ಟಕ್ ಟಕ್ ಟಕ್. ಮತ್ತೆ ಮೌನ, ಈ ಸಲ ಕಾಯುತ್ತಿರುವವರ ಮೌನ. ಟಕ್ ಟಕ್ ಟಕ್.

"ಯಾರೋ ಬಾಗಿಲು ತಟ್ತಿದಾರೆ, ತೆಗೀರಿ ಮೇಡಂ" ಎಂದು ಅವನು ಕಪಾಟಿನೊಳಗಿಂದಲೇ ನಗೆಯಾಡಿದ.

ಅವಳು ಕೈ ಚಾಚಿ ತಂತಿ ಕಿತ್ತಳು. ಕಿತ್ತ ಮೇಲೂ ಸದ್ದು ನಿಂತಂತೆ ಅನಿಸಲಿಲ್ಲ. ಭಾವನ ಕಾಲು ಮುರಿದಾಗ ತಾನೆಲ್ಲಿದ್ದೆ? ದೊಡ್ಡ ಪ್ರದರ್ಶನವೊಂದರಲ್ಲಿ, ಬಾಡಿಗೆಗೆ ತಂದ ರತ್ನಗಂಬಳಿಯ ಮೇಲೆ, ಇಡೀ ದಿನ ನಿಂತು ಊದಿಕೊಂಡ ಕಾಲುಗಳ ಮೇಲೆ. ಚಪ್ಪಲಿಯ ಪೆಟ್ಟಿಗೆಯಷ್ಟೇ ದೊಡ್ಡ ಉಪಗ್ರಹದ ಮಾದರಿಯ ಪಕ್ಕದಲ್ಲಿ ನಿಂತು ಬಾಯಿಪಾಠ ಒಪ್ಪಿಸುತ್ತಿದ್ದಾಗ ಸೂಟು ಹಾಕಿದವನೊಬ್ಬ ಪೂರ್ತಿ ಕೇಳಿ, ಖಾಲಿ ಲೋಟವನ್ನು ಅವಳ ಕೈಗೆ ಕೊಟ್ಟು, "ಇನ್ನೊಂದು ಟೀ ಸಿಗುತ್ತಾ? ಹಾಗೇ ವಿಷಯ ಗೊತ್ತಿರೋರು ಯಾರಾದ್ರೂ ಇದ್ರೆ ಕರೀರಿ" ಎಂದಿದ್ದ. ಲೋಟ ಹಿಡಿದುಕೊಂಡೇ ಅವಳು ಮೇಜಿನ ಹಿಂದೆ ಹೋಗಿ ಫೋನು ತೆಗೆದು ನೋಡಿದ್ದಳು. ಹಸಿರು ಚುಕ್ಕೆ. ಎಲ್ಲ ಸರಿ. ಆ ದಿನಗಳಲ್ಲಿ ಚುಕ್ಕೆ ಬೆಳಿಗ್ಗೆ ಬಂತು, ಮಧ್ಯಾಹ್ನ ಬಂತು, ಸಂಜೆಯೂ ಬಂತು; ಒಂದು ಸಾಕು ಎಂದಿದ್ದೆನಲ್ಲ, ಈ ಅಕ್ಕನಿಗೆ ಎಷ್ಟು ಹೇಳಿದರೂ ಅಷ್ಟೇ ಎಂದು ಹಲ್ಲು ಕಚ್ಚಿದ್ದಳು. ಮತ್ತು ಅದರ ಅಡಿಯಲ್ಲಿ, ಈಗ ಕುರ್ಚಿಯ ಅಂಚು ಹಿಡಿದು ಕೂತಿರುವಾಗ ಅವಳಿಗೆ ಚೆನ್ನಾಗಿ ಕಾಣುತ್ತಿತ್ತು, ಒಂದು ನೆಮ್ಮದಿ ಇತ್ತು. ಭಾನುವಾರ ಕಣಿವೆಗೆ ಹೋಗಬೇಕಾಗಿಲ್ಲ. ಜೀಪು ಬೇಡಬೇಕಾಗಿಲ್ಲ. ಆ ತಗಡಿನ ಮನೆಯ ಚಳಿಯಲ್ಲಿ ಕೂತು ಅಕ್ಕ ಹೇಳಿದ್ದನ್ನೇ ಹೇಳುವುದನ್ನು ಕೇಳಬೇಕಾಗಿಲ್ಲ. ಚುಕ್ಕೆ ಬಂದಿದೆ, ಸಾಕು.

ಭಾವ ಜಲಾಶಯದ ನೀರಿನ ಮಟ್ಟ ನೋಡುವ ಬಾವಿಯ ಪಾಚಿಗಟ್ಟಿದ ಮೆಟ್ಟಿಲಿನಿಂದ ಜಾರಿದ್ದರು. ದಿನಸಿಯ ಜೀಪು ತನ್ನ ಪಾಳಿಗೆ ಹತ್ತಿ ಬರುವ ಹೊತ್ತಿಗೆ ಮೂಳೆ ತನಗೆ ತೋಚಿದ ಹಾಗೆ ಕೂಡಿಕೊಂಡಿತ್ತು. ಆಸ್ಪತ್ರೆಯಿಂದ ಅಕ್ಕ ಫೋನು ಮಾಡಿದಾಗ ಇವಳು ಹೆದರಿ, ಅತ್ತು, ಕೊನೆಗೆ ಹೆದರಿದವರೆಲ್ಲ ಮಾಡುವ ಹಾಗೆ ರೇಗಿದ್ದಳು: "ನನಗೆ ತಿಳಿಸೋಕೆ ಏನಾಗಿತ್ತು ನಿನಗೆ? ಆ ಹಸಿರು ಚುಕ್ಕೆ ಬಿಟ್ಟೂಬಿಡದೆ ಬರ್ತಿತ್ತು, ಎಲ್ಲ ಸರಿ ಅಂತ! ಏನು ಅಂದ್ಕೊಳ್ಳಲಿ ನಾನು?" ಆ ಕಡೆಯಿಂದ ಅಕ್ಕ, ತುಂಬ ಮೆತ್ತಗೆ, "ಗಡಿಬಿಡೀಲಿ ಹೊಳೀಲಿಲ್ಲ ಬಿಡು" ಎಂದಿದ್ದಳು. ಆ ದಿನದಿಂದ ನೆಂಟರವಳು.

ಸಂಜೆ ಬಸ್ಸಿಳಿದು ಬಟಾಣಿ ಕೊಂಡಳು. ಅಂಗಡಿಯವಳು ತೂಕ ಮಾಡುತ್ತಿದ್ದಾಗ, ಹೇಳದಿದ್ದರೂ ನಡೆಯುತ್ತದೆ ಎಂದು ಒಂದು ಯೋಚನೆ ಬಂತು. ಡಬ್ಬಿ ಕೆಟ್ಟಿತ್ತು ಅಂದರಾಯಿತು. ಮೋಡ ಇತ್ತು ಅಂದರಾಯಿತು. ಅಕ್ಕ ನಂಬುತ್ತಾಳೆ, ಮತ್ತೆ ಮೊದಲಿನ ಹಾಗೆ ಹಾಸಿಗೆಯ ಅರ್ಧ ಕೇಳುತ್ತಾಳೆ. ಅಕ್ಕನನ್ನು ಮರಳಿ ಪಡೆಯಲು ಅಷ್ಟು ಸಾಕು. ಮನೆಯ ಮೆಟ್ಟಿಲು ಹತ್ತುವಾಗಲೂ ಆ ಮಾತನ್ನು ಬಾಯಲ್ಲಿ ಆಡಿಸಿ ನೋಡುತ್ತಿದ್ದಳು. ಸಲೀಸಾಗಿ ಹೊರಡುತ್ತಿತ್ತು, ಅವಳ ಎಲ್ಲ ಮಾತುಗಳ ಹಾಗೆ ಒಪ್ಪವಾಗಿ.

ಅಕ್ಕ ಊಟದ ಮೇಜಿನ ಮೇಲೆ ಹಳೆಯ ಪತ್ರಿಕೆ ಹಾಸಿ ಬಟಾಣಿ ಸುರುವಿದಳು. "ಎಳೇದು ತಂದಿದೀಯ, ಪರವಾಗಿಲ್ಲ, ಬುದ್ಧಿ ಬಂದಿದೆ." ಭಾವ ಒಳಗಿನ ಕೋಣೆಯಲ್ಲಿ ರೇಡಿಯೋ ಹಚ್ಚಿಕೊಂಡಿದ್ದರು. ಅಕ್ಕ ಕಾಯಿ ಹಿಡಿದು ಹೆಬ್ಬೆರಳಿನ ಉಗುರನ್ನು ಬೆನ್ನಿಗೆ ಊರಿ ಸೀಳಿದಳು. ಮೊದಲಿಂದಲೂ ಅವಳದು ಅದೇ ಕ್ರಮ, ಬೆರಳಿನಿಂದ ಆಗುವ ಕೆಲಸಕ್ಕೂ ಉಗುರು. ಸೀಳದೆ ಜಾರಿದ ಒಂದು ಕಾಯಿಯ ಮೇಲೆ ಹಸಿರು ಚಂದ್ರ ಮೂಡಿತು. ಇವಳು ಅದನ್ನೇ ನೋಡುತ್ತ ಕೂತಳು, ಮತ್ತು ಮೆಟ್ಟಿಲ ಮೇಲೆ ಒಪ್ಪ ಮಾಡಿಟ್ಟುಕೊಂಡಿದ್ದ ಮಾತು ಎಲ್ಲಿ ಹೋಯಿತೋ ಹೋಯಿತು.

"ಅಕ್ಕ, ನಿಮ್ಮ ಡಬ್ಬಿ ಬಂತು ಇವತ್ತು. ನನ್ನ ಮೇಜಿಗೆ."

ಅಕ್ಕನ ಕೈ ನಿಲ್ಲಲಿಲ್ಲ. "ಹೌದಾ."

"ನೀನು ಮೂರು ಒತ್ತಿದ್ದೆ."

"ಹಳೇದು ಬಿಡೇ."

"ನನಗೆ ಒಂದೇ ಕಾಣಿಸಿದ್ದು ಅಕ್ಕ. ಆಣೆಗೂ ಒಂದೇ."

"ಡಬ್ಬಿ ಕೆಟ್ಟಿತ್ತಾ?"

ಅಕ್ಕನೇ ಬಾಗಿಲು ತೆರೆದು ಹಿಡಿದಿದ್ದಳು. ಹೂಂ ಎಂದರೆ ಮುಗಿಯುತ್ತಿತ್ತು. "ಇಲ್ಲ. ಡಬ್ಬಿ ಸರಿಯಾಗೇ ಇತ್ತು. ಮೂರೂ ಕಳಿಸಿತ್ತು. ನಮ್ಮ ಛಾವಣಿ ತನಕ ಮೂರೂ ಬಂದಿತ್ತು."

"ಮತ್ತೆ ಇನ್ನೆರಡು?"

"ಬಿಸಾಡಿದ್ದು."

"ಯಾರು?"

"ನಾನೇ. ಎಷ್ಟು ಸಲ ಒತ್ತಿದ್ರೂ ಒಂದೇ ಅಂತ ಎಣಿಸೋ ಹಾಗೆ ನಾನೇ ಬರೆದಿದ್ದೆ. ಜನ ಸುಮ್‌ಸುಮ್ನೆ ಒತ್ತುತಾರೆ ಅಂತ." ಪತ್ರಿಕೆಯ ಅಂಚನ್ನು ಮಡಿಸಿದಳು. "ಗೋಡೆ ಥರ ಅಂದ್ಕೋ ಅಂತ ನಿನಗೆ ಹೇಳಿದ್ದೂ ನಾನೇ. ಎರಡನ್ನೂ ಸೇರಿಸಿ ನೋಡ್ಲೇ ಇಲ್ಲ."

ಅಕ್ಕ ಈಗ ಕೈ ನಿಲ್ಲಿಸಿದಳು. ಬಿಡಿಸಿದ ಕಾಳುಗಳನ್ನು ಅಂಗೈಯಲ್ಲಿ ಹೊರಳಿಸಿದಳು. ನಗುತ್ತಿದ್ದಾಳೋ ಇಲ್ಲವೋ ತಿಳಿಯಲಿಲ್ಲ. "ನಿಮ್ಮ ಭಾವ ಹೇಳ್ತಾನೇ ಇದ್ರು. ಅವಳಿಗೆ ತಲುಪಿರಲ್ಲ ಕಣೇ, ತಲುಪಿದ್ರೆ ಹಾರ್ಕೊಂಡು ಬಂದಿರೋಳು ಅಂತ. ಕಾಲು ಆ ಸ್ಥಿತೀಲಿ ಇಟ್ಕೊಂಡು ನಿನ್ನ ಪರ ವಕಾಲತ್ತು. ನಾನೇ ಒಪ್ಪಲಿಲ್ಲ. ಅವಳು ಮಾಡಿದ ಯಂತ್ರ, ತಲುಪದೇ ಇರೋಕೆ ಸಾಧ್ಯಾನೇ ಇಲ್ಲ ಅಂದೆ. ನಿನ್ನ ಕೆಲಸದ ಮೇಲೆ ಅಷ್ಟು ನಂಬಿಕೆ ಇತ್ತು ಗುಬ್ಬಿ. ಅದಕ್ಕೇ ನೀನೇ ಬರಲಿಲ್ಲ ಅಂದ್ಕೊಂಡೆ."

ಒಳಗೆ ರೇಡಿಯೋ ನಿಂತಿತು. ಕುರ್ಚಿ ಸರಿಯಿತು, ಕೋಲಿನ ರಬ್ಬರು ನೆಲ ಕಚ್ಚಿತು.

"ಮೂರೂ ಕಂಡಿದ್ರೆ ಬರ್ತಿದ್ದೆ ಅಲ್ವಾ?" ಅಕ್ಕ ಕೇಳಿದಳು. ತಮಾಷೆಯ ದನಿಯಲ್ಲೇ ಕೇಳಿದ್ದು, ಆದರೆ ಕಣ್ಣು ಕಾಳಿನ ಮೇಲಿರಲಿಲ್ಲ.

ಬರ್ತಿದ್ದೆ ಎನ್ನಲು ಬಾಯಿ ತೆರೆದಳು. ತೆರೆಯುತ್ತಲೇ ಕಣ್ಣೆದುರು ಪ್ರದರ್ಶನದ ರತ್ನಗಂಬಳಿ ಕಂಡಿತು, ಕೈಯಲ್ಲಿನ ಖಾಲಿ ಲೋಟ, ಮೇಜಿನ ಹಿಂದೆ ಕದ್ದು ನೋಡಿದ ಚುಕ್ಕೆ, ಸಾಕು ಎಂದುಕೊಂಡ ಆ ನೆಮ್ಮದಿ. ಮೂರು ಕಂಡಿದ್ದರೆ ಸುಮ್ಮನೆ ಒತ್ತಿದ್ದಾಳೆ ಅಂದುಕೊಳ್ಳುತ್ತಿರಲಿಲ್ಲ ಎಂದು ಹೇಗೆ ಹೇಳುವುದು? ಅಂದುಕೊಂಡೇ ಅಲ್ಲವೇ ಆ ನಿಯಮ ಬರೆದದ್ದು? "ಬರ್ತಿದ್ದೆ" ಎಂಬ ಮಾತು ಬಂತು. ಬಂತು, ಆದರೆ ತಡವಾಗಿ. ಆ ತಡವನ್ನು ಇಬ್ಬರೂ ಕೇಳಿಸಿಕೊಂಡರು.

"ಗೊತ್ತಿಲ್ಲ ಅಕ್ಕ" ಎಂದಳು ಆಮೇಲೆ, ತಲೆ ತಗ್ಗಿಸಿ. "ಬಂದೇ ಬರ್ತಿದ್ದೆ ಅನ್ನೋಕೆ ನನಗೆ ಧೈರ್ಯ ಇಲ್ಲ."

ಭಾವ ಬಾಗಿಲಲ್ಲಿ ಕಾಣಿಸಿಕೊಂಡು, ಇಬ್ಬರನ್ನೂ ನೋಡಿ, ಏನೋ ಅರ್ಥವಾದವರಂತೆ ಚೌಕಟ್ಟಿಗೆ ಒರಗಿ ನಿಂತರು. ಈ ಸಲ ಅವಳು ಎದ್ದು ತಪ್ಪಿಸಿಕೊಂಡು ಹೋಗಲಿಲ್ಲ. ಪಕ್ಕದ ಕುರ್ಚಿಯನ್ನು ಎಳೆದು ಅವರ ಕಡೆಗೆ ತಿರುಗಿಸಿದಳು. ಒಂದು ಪೂರಾ ಹೆಜ್ಜೆ, ರಬ್ಬರು, ಎಳೆದ ಕಾಲು. ಅವರು ಬಂದು ಕೂರುವ ತನಕ ಅವಳು ಆ ಕಾಲನ್ನೇ ನೋಡಿದಳು.

ಅಕ್ಕ ಅಂಗೈಯಲ್ಲಿದ್ದ ಕಾಳುಗಳನ್ನು ಬಟ್ಟಲಿಗೆ ಸುರಿದಳು. ಪತ್ರಿಕೆಯ ಮೇಲಿನ ಕಾಯಿಗಳ ರಾಶಿಯನ್ನು ಅರ್ಧ ಮಾಡಿ ಒಂದು ಪಾಲನ್ನು ಇವಳ ಕಡೆ ತಳ್ಳಿದಳು. ಆಮೇಲೆ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳುವ ಮೊದಲು ಬೆರಳ ಗೆಣ್ಣಿನಿಂದ ಮೇಜಿನ ಹಲಗೆಯನ್ನು ಒಂದು ಸಲ, ಮೆಲ್ಲಗೆ, ತಟ್ಟಿದಳು.

ಒಂದು. ಅವಳು ಕಾಯಿಯೊಂದನ್ನು ಕೈಗೆತ್ತಿಕೊಂಡಳು, ಬಿಡಿಸಲಿಲ್ಲ. ಅಕ್ಕನ ಬೆರಳು ಇನ್ನೂ ಹಲಗೆಯ ಮೇಲೇ ಇತ್ತು. ಇನ್ನೆರಡು ಇರಬಹುದು ಎಂದು ಅವಳು ಉಸಿರು ಹಿಡಿದು ಕೇಳುತ್ತ ಕೂತಳು.